ಅಮೆರಿಕದ ನದಿ ಯಾಕೆ ಕ್ಲೀನ್ ಅಂತ ಇನ್ನು ನನ್ನ ಕೇಳಬೇಡಿ, ಇದನ್ನ ಓದಿ

ಊರಿಗೆ ಬಂದಾಗೆಲ್ಲ ಇದೇ ಪ್ರಶ್ನೆ. ಇಲ್ಲಿ ಕನ್ನಡ ಕೂಟದ ಯುಗಾದಿ ಊಟದಲ್ಲೂ ಇದೇ, ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲೂ ಇದೇ. "ಅಮೆರಿಕದಲ್ಲಿ ನದಿ, ಗಾಳಿ, ಕಾಡು ಎಲ್ಲಾ ಅಷ್ಟು ಚೆನ್ನಾಗಿ ಇಟ್ಕೊಂಡಿದಾರಲ್ಲ, ಹೇಗೆ?" ಅಷ್ಟಕ್ಕೇ ನಿಲ್ಲಿಸಿದ್ರೆ ಖುಷಿಯಿಂದ ಹೇಳ್ತಿದ್ದೆ. ನಿಲ್ಲಿಸಲ್ಲ. ನಾನು ಬಾಯಿ ತೆಗೆಯೋ ಮುಂಚೆ ಉತ್ತರಾನೂ ಅವರೇ ಕೊಟ್ಟುಬಿಡ್ತಾರೆ, "ಅಲ್ಲಿನ ಜನಕ್ಕೆ ಶಿಸ್ತು ಅನ್ನೋದು ರಕ್ತದಲ್ಲೇ ಇದೆ ಬಿಡು, ನಮ್ಮೋರಿಗೆ ಎಲ್ಲಿಂದ ಬರಬೇಕು."

ನಾನು ಒಹಾಯೋದ ಒಂದು ಸಣ್ಣ ಊರಿನ ಕೊಳಚೆ ನೀರಿನ ಪ್ಲಾಂಟಲ್ಲಿ, ಬೆಂಗಳೂರಲ್ಲಿ ಎಸ್‌ಟಿಪಿ ಅಂತಾರಲ್ಲ ಅದರಲ್ಲಿ, ಲ್ಯಾಬ್ ಕೆಲಸ ಮಾಡೋಳು. ಇಡೀ ಊರು ಫ್ಲಶ್ ಮಾಡಿದ್ದು ಮೊದಲು ಬಂದು ಸಿಕ್ಕಿಕೊಳ್ಳೋದು ನಮ್ಮ ಜಾಲರಿಯಲ್ಲಿ. ಬಟ್ಟೆ, ಮಕ್ಕಳ ಆಟದ ಸಾಮಾನು, ಒರೆಸಿ ಬಿಸಾಕೋ ವೈಪ್ಸ್ ಒಂದಕ್ಕೊಂದು ಸುತ್ತಿಕೊಂಡು ಹಗ್ಗದ ಥರ ಆಗಿರೋದು, ಅಡುಗೆಮನೆ ಸಿಂಕಿಗೆ ಸುರಿದ ಜಿಡ್ಡು ಗಟ್ಟಿಯಾಗಿ ಬಿಳೀ ಕಲ್ಲಿನ ಹಾಗೆ ಬರೋದು. ಹಾಕಬೇಡಿ ಅಂತ ವರ್ಷಾ ವರ್ಷಾ ಮನೆಮನೆಗೆ ಕಾಗದ ಕಳಿಸ್ತೀವಿ, ಹಾಕ್ತಾನೇ ಇರ್ತಾರೆ. ಇಲ್ಲಿನ ಜನರ ರಕ್ತದಲ್ಲಿ ಏನಿದೆ ಅಂತ ನನಗೆ ದಯವಿಟ್ಟು ಯಾರೂ ಹೇಳಿಕೊಡಬೇಡಿ.

ಹೋದ ಸಲ ಹಾಸನದಲ್ಲಿ ಕಸಿನ್ ಮದುವೆ. ಪಂಕ್ತಿಯಲ್ಲಿ ನನ್ನ ಪಕ್ಕ ದೊಡ್ಡಪ್ಪ. ಹೋಳಿಗೆ ಮೇಲೆ ತುಪ್ಪ ಬೀಳ್ತಿದ್ದ ಹಾಗೇ ಶುರು ಮಾಡಿದ್ರು, "ಅಲ್ಲಿ ನದೀಲಿ ತಳ ಕಾಣುತ್ತಂತಲ್ಲಮ್ಮ. ಸಂಸ್ಕಾರ ಕಣಮ್ಮ ಅದು, ಕಾನೂನಿಂದ ಬರೋದಲ್ಲ." ಅದು ಯಾಕೋ ತಡ್ಕೊಳಕ್ಕಾಗಲಿಲ್ಲ. "ದೊಡ್ಡಪ್ಪ, ನಾನಿರೋ ಕಡೆ ನದಿಗೇ ಬೆಂಕಿ ಬಿದ್ದಿತ್ತು, ಒಂದ್ಸಲ ಅಲ್ಲ" ಅಂದೆ. ಅವರು ನಂಬಲಿಲ್ಲ. ನೀರಿಗೆ ಬೆಂಕಿ ಬೀಳುತ್ತಾ ಅಂತ ನಕ್ಕರು. ಎದುರು ಸಾಲಲ್ಲಿ ಕೂತಿದ್ದ ಅವರ ಮೊಮ್ಮಗ ಫೋನ್ ತೆಗೆದು 2017ರ ಬೆಳ್ಳಂದೂರು ಕೆರೆ ಹೊಗೆ ತೋರಿಸಿದ. ಆಗ ಸುಮ್ಮನಾದ್ರು. ಅಷ್ಟೊತ್ತಿಗೆ ಅನ್ನ ಸಾರು ಬಂತು, ಮಾತು ಬೇರೆ ಕಡೆ ಹೋಯ್ತು, ನಾನು ಹೇಳಬೇಕು ಅಂದುಕೊಂಡಿದ್ದು ಗಂಟಲಲ್ಲೇ ಉಳೀತು. ಅದನ್ನ ಇಲ್ಲಿ ಪೂರ್ತಿ ಬರೀತೀನಿ.

ನದಿ ಹೆಸರು ಕಯಹೋಗಾ. ಒಹಾಯೋದ ಕ್ಲೀವ್‌ಲ್ಯಾಂಡ್ ಊರಿನ ಮಧ್ಯೆ ಹರಿದು ಈರಿ ಸರೋವರ ಸೇರುತ್ತೆ. ದಡದಲ್ಲಿ ಉಕ್ಕಿನ ಕಾರ್ಖಾನೆ, ಎಣ್ಣೆ ರಿಫೈನರಿ, ಪೇಂಟ್ ಫ್ಯಾಕ್ಟರಿ, ಜೊತೆಗೆ ಊರಿನ ಡ್ರೈನೇಜು. 1868ರಿಂದ ಲೆಕ್ಕ ಹಾಕಿದ್ರೆ ಹತ್ತಕ್ಕಿಂತ ಹೆಚ್ಚು ಸಲ ಹೊತ್ತಿಕೊಂಡಿದೆ. 1912ರಲ್ಲಿ ಐದು ಜನ ಸತ್ತರು. 1952ರ ಬೆಂಕಿಗೆ ಹತ್ತು ಲಕ್ಷ ಡಾಲರಿಗೂ ಮೇಲೆ ನಷ್ಟ. ಇಷ್ಟೆಲ್ಲ ಆದ್ರೂ ಯಾರಿಗೂ ಏನೂ ಅನ್ನಿಸಲಿಲ್ಲ, ಕಾರ್ಖಾನೆ ಇದೆ ಅಂದ್ರೆ ಕೆಲಸ ಇದೆ, ಕೆಲಸ ಇದೆ ಅಂದ್ರೆ ನದಿ ಹೀಗೇ ಇರುತ್ತೆ ಅನ್ನೋದು ಆಗಿನ ಕಾಲದ ಲೆಕ್ಕ. ಈ ಮಾತು ನಮ್ಮ ಕಡೆ ಕೇಳಿಲ್ವಾ ನೀವು?

1969 ಜೂನ್ 22, ಭಾನುವಾರ, ಮಧ್ಯಾಹ್ನದ ಹೊತ್ತು ಮತ್ತೆ ಹೊತ್ಕೊಳ್ತು. ಸೇತುವೆ ಮೇಲೆ ಹೋಗ್ತಿದ್ದ ರೈಲಿಂದ ಕಿಡಿ ಬಿದ್ದು ತೇಲ್ತಿದ್ದ ಎಣ್ಣೆ ಜಿಡ್ಡಿಗೆ ತಗಲಿರಬೇಕು ಅಂತಾರೆ. ಅರ್ಧ ಗಂಟೆಯೊಳಗೆ ಆರಿಸಿದ್ರು, ಎರಡು ರೈಲು ಸೇತುವೆಗೆ ಸುಮಾರು 50,000 ಡಾಲರ್ ನಷ್ಟ. ಹಿಂದಿನವಕ್ಕೆ ಹೋಲಿಸಿದ್ರೆ ಸಣ್ಣ ಬೆಂಕಿ. ಫೋಟೋಗ್ರಾಫರ್‌ಗಳು ಬರೋ ಹೊತ್ತಿಗೆ ಆರೇ ಹೋಗಿತ್ತು. ಆಗಸ್ಟಲ್ಲಿ ಟೈಮ್ ಮ್ಯಾಗಜೀನ್ ದೇಶಕ್ಕೆಲ್ಲ ತೋರಿಸಿದ ಫೋಟೋ 1952ರದ್ದು.

ಆಗ ಕ್ಲೀವ್‌ಲ್ಯಾಂಡ್ ಮೇಯರ್ ಕಾರ್ಲ್ ಸ್ಟೋಕ್ಸ್, ಅಮೆರಿಕದ ದೊಡ್ಡ ನಗರವೊಂದಕ್ಕೆ ಮೇಯರ್ ಆಗಿ ಗೆದ್ದ ಮೊದಲ ಕಪ್ಪು ಜನಾಂಗದ ವ್ಯಕ್ತಿ. ಮಾರನೇ ದಿನವೇ ಪತ್ರಕರ್ತರನ್ನ ಕರ್ಕೊಂಡು ನದಿ ಉದ್ದಕ್ಕೂ ಎಲ್ಲೆಲ್ಲಿ ಏನೇನು ಬಂದು ಬೀಳ್ತಿದೆ ಅಂತ ತೋರಿಸಿದ್ರು. ಊರಿನ ಜನ ಬೆಂಕಿಗೆ ಮುಂಚೆಯೇ, 1968 ನವೆಂಬರಲ್ಲಿ, ನದಿ ಸರಿ ಮಾಡಕ್ಕೆ 10 ಕೋಟಿ ಡಾಲರ್ ಬಾಂಡಿಗೆ, ಅಂದ್ರೆ ಊರು ಸಾಲ ಎತ್ತೋಕೆ, ವೋಟ್ ಹಾಕಿದ್ರು. ಜನಕ್ಕೆ ಮನಸ್ಸಿತ್ತು, ದುಡ್ಡು ಕೊಡೋಕೂ ರೆಡಿ ಇದ್ರು. ಆದ್ರೆ ಊರಿನ ಗಡಿ ಆಚೆ ಮೇಲ್ಗಡೆಯಿಂದ ಬಿಡೋರನ್ನ ನಿಲ್ಲಿಸೋ ಅಧಿಕಾರ ಮೇಯರಿಗೆ ಇರಲಿಲ್ಲ, ಕಾರ್ಖಾನೆಗಳ ಕೈಯಲ್ಲಿ ರಾಜ್ಯ ಸರ್ಕಾರ ಕೊಟ್ಟ ಪರ್ಮಿಟ್ ಇತ್ತು. ಬರೀ ಮನಸ್ಸಿದ್ರೆ ನದಿ ಕ್ಲೀನ್ ಆಗಲ್ಲ ದೊಡ್ಡಪ್ಪ, ಇಲ್ಲೇ ಗೊತ್ತಾಗುತ್ತೆ.

ಅದಕ್ಕೂ ಮುಂಚೆ ಕಾನೂನೇ ಇರಲಿಲ್ವಾ ಅಂದ್ರೆ, ಇತ್ತು. 1899ರಲ್ಲೇ ಹಡಗು ಓಡಾಡೋ ನೀರಿಗೆ ಅನುಮತಿ ಇಲ್ಲದೆ ಕಸ ಹಾಕಬಾರದು ಅಂತ ಒಂದು ಕಾಯ್ದೆ ಬಂತು, ಎಪ್ಪತ್ತು ವರ್ಷ ಹೆಚ್ಚುಕಮ್ಮಿ ಪೆಟ್ಟಿಗೆಯಲ್ಲೇ ಮಲಗಿತ್ತು. 1948ರಲ್ಲಿ ಇನ್ನೊಂದು. 1948ರಿಂದ ಬಂದ ಕಾನೂನುಗಳು ಕೇಳ್ತಿದ್ದಿದ್ದು "ನದಿ ಹೇಗಿದೆ" ಅಂತ. ನದಿ ಕೆಟ್ಟಿದೆ ಅಂದ್ರೆ ಯಾರಿಂದ ಕೆಟ್ಟಿದೆ ಅಂತ ಸಾಬೀತು ಮಾಡಬೇಕು, ದಡದಲ್ಲಿ ಇಪ್ಪತ್ತು ಫ್ಯಾಕ್ಟರಿ ಇದ್ರೆ ಒಬ್ಬೊಬ್ಬನೂ ಪಕ್ಕದವನ ಕಡೆ ಕೈ ತೋರಿಸ್ತಾನೆ, ಮೀಟಿಂಗ್ ಮೇಲೆ ಮೀಟಿಂಗ್, ಮುಗೀತು ಕಥೆ.

1969ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾ ಕಡಲಲ್ಲಿ ಎಣ್ಣೆ ಬಾವಿ ಒಡೆದು ದಡವೆಲ್ಲ ಕಪ್ಪಾಗಿತ್ತು, ಜೂನಲ್ಲಿ ಈ ಬೆಂಕಿ. ಆಮೇಲೆ ಒಂದರ ಹಿಂದೊಂದು ಬಂತು. 1970ರ ಜನವರಿ 1ಕ್ಕೆ ಪರಿಸರ ನೀತಿ ಕಾಯ್ದೆಗೆ ಸಹಿ, ಏಪ್ರಿಲ್ 22ಕ್ಕೆ ಎರಡು ಕೋಟಿ ಜನ ಸೇರಿದ ಮೊದಲ ಭೂಮಿ ದಿನ, ಡಿಸೆಂಬರಲ್ಲಿ ಪರಿಸರ ಕಾಯೋಕೆ ಇಪಿಎ ಅನ್ನೋ ಕೇಂದ್ರ ಸರ್ಕಾರಿ ಸಂಸ್ಥೆ, ಅದೇ ವರ್ಷ ಕ್ಲೀನ್ ಏರ್ ಆಕ್ಟ್. ಇವನ್ನೆಲ್ಲ ನಾನು ಓಡಿಸಿಕೊಂಡು ಹೋಗ್ತೀನಿ, ಯಾಕಂದ್ರೆ ನನ್ನ ಅನ್ನ ಇರೋದು 1972ರ ಕ್ಲೀನ್ ವಾಟರ್ ಆಕ್ಟಲ್ಲಿ.

ಅದನ್ನ ಮುಂದೆ ನಿಂತು ತಂದಿದ್ದು ಮೇನ್ ರಾಜ್ಯದ ಸೆನೆಟರ್ ಎಡ್ಮಂಡ್ ಮಸ್ಕಿ. ಕಾಗದದ ಮಿಲ್ಲುಗಳು ಹಾಳು ಮಾಡಿದ್ದ ಆಂಡ್ರೊಸ್ಕಾಗಿನ್ ನದಿ ದಡದ ರಮ್‌ಫರ್ಡ್ ಅನ್ನೋ ಊರಲ್ಲಿ ಹುಟ್ಟಿ ಬೆಳೆದೋರು, ನದಿ ನಾರೋದು ಅವರಿಗೆ ಯಾರೂ ವಿವರಿಸಬೇಕಿರಲಿಲ್ಲ. ಅಧ್ಯಕ್ಷ ನಿಕ್ಸನ್ ಖರ್ಚು ಜಾಸ್ತಿ ಅಂತ ಅಕ್ಟೋಬರ್ 17ರ ರಾತ್ರಿ ವೀಟೋ ಹಾಕಿದ್ರು. ಮಾರನೇ ದಿನ ಎರಡೂ ಸದನ ಸೇರಿ ಆ ವೀಟೋನೇ ತಳ್ಳಿಹಾಕಿತು, ಸೆನೆಟಲ್ಲಿ 52ಕ್ಕೆ 12, ಕೆಳಮನೆಯಲ್ಲಿ 247ಕ್ಕೆ 23. ನಿಕ್ಸನ್ ಅವರ ಸ್ವಂತ ಪಕ್ಷದೋರೇ ಎಷ್ಟೋ ಜನ ವಿರುದ್ಧ ವೋಟ್ ಹಾಕಿದ್ರು. ಈ ಕಾನೂನು ಪ್ರಶ್ನೆಯನ್ನೇ ಬದಲಾಯಿಸ್ತು. ನದಿ ಹೇಗಿದೆ ಅನ್ನೋದು ಆಮೇಲೆ ನೋಡೋಣ, ಮೊದಲು ನಿನ್ನ ಪೈಪಿಂದ ಏನು ಬರ್ತಿದೆ ಹೇಳು. ಪೈಪ್ ಇದ್ರೆ ಪರ್ಮಿಟ್ ಬೇಕು, ಪರ್ಮಿಟಲ್ಲಿ ನಂಬರ್ ಇರುತ್ತೆ, ಆ ನಂಬರ್ ದಾಟಿದ್ರೆ ತಪ್ಪು, ನದಿಗೆ ಏನಾಯ್ತು ಅಂತ ಬೇರೆ ಸಾಬೀತು ಮಾಡೋದು ಬೇಡ. ಊರುಗಳಿಗೆ ಪ್ಲಾಂಟ್ ಕಟ್ಟೋಕೆ ಖರ್ಚಿನ ನೂರಕ್ಕೆ 75 ಭಾಗ ಕೇಂದ್ರ ಸರ್ಕಾರ ಕೊಡ್ತು. ಬರೀ ನಿಯಮ ಮಾಡಿ ಕೈ ತೊಳ್ಕೊಳ್ಳಲಿಲ್ಲ, ಇದು ಮುಖ್ಯ.

ನಂಬರ್ ಅಂದ್ರೆ ಏನು ಅಂತ ಹೇಳ್ತೀನಿ. ನಮ್ಮಂಥ ಪ್ಲಾಂಟಿಂದ ಹೊರಗೆ ಹೋಗೋ ನೀರಲ್ಲಿ ಬಿಓಡಿ (ಅದರಲ್ಲಿರೋ ಕೊಳೆ ತಿನ್ನೋಕೆ ಕ್ರಿಮಿಗಳಿಗೆ ಬೇಕಾಗೋ ಆಮ್ಲಜನಕ) ತಿಂಗಳ ಸರಾಸರಿ ಲೀಟರಿಗೆ 30 ಮಿಲಿಗ್ರಾಂ ದಾಟಬಾರದು, ನೀರಲ್ಲಿ ಬೆರೆತು ತೇಲೋ ಕೆಸರಿನ ಕಣಗಳೂ ಅಷ್ಟೇ, 30. ಎಷ್ಟೋ ಕಡೆ ಇನ್ನೂ ಬಿಗಿ. ಬೆಳಿಗ್ಗೆ ನಾನು ಹೋದ ತಕ್ಷಣ ಮಾಡೋ ಕೆಲಸ, 24 ಗಂಟೆಯಿಂದ ತೊಟ್ಟು ತೊಟ್ಟಾಗಿ ತುಂಬಿಕೊಂಡಿರೋ ಸ್ಯಾಂಪಲ್ ಕ್ಯಾನನ್ನ ಫ್ರಿಜ್ಜಿಂದ ತೆಗೆಯೋದು. ಅದನ್ನ ಅಲ್ಲಾಡಿಸಿ, ಅಳೆದು, ಗಾಜಿನ ಬಾಟಲಿಗೆ ಹಾಕಿ, ಒಂದು ಗುಳ್ಳೆ ಕೂಡ ಉಳಿಯದ ಹಾಗೆ ಮುಚ್ಚಳ ಕೂರಿಸಿ, 20 ಡಿಗ್ರಿ ಕತ್ತಲೆ ಪೆಟ್ಟಿಗೆಯಲ್ಲಿ ಐದು ದಿನ ಇಡಬೇಕು. ಐದು ದಿನ ಆದ್ಮೇಲೆ ಅದರೊಳಗಿನ ಕ್ರಿಮಿಗಳು ಎಷ್ಟು ಆಮ್ಲಜನಕ ತಿಂದವು ಅಂತ ನೋಡಬೇಕು. ಅವು ಜಾಸ್ತಿ ತಿಂದಿದ್ರೆ ನದೀಲಿ ಮೀನಿಗೆ ಉಸಿರಿಲ್ಲ. ತಿಂಗಳ ಕೊನೆಗೆ ಎಲ್ಲಾ ನಂಬರೂ ರಿಪೋರ್ಟಲ್ಲಿ ಹೋಗುತ್ತೆ, ಕೆಳಗೆ ಮೇಲಧಿಕಾರಿ ಸಹಿ, ಗೊತ್ತಿದ್ದೂ ಸುಳ್ಳು ಬರೆದ್ರೆ ದಂಡ, ಜೈಲೂ ಆಗಬಹುದು ಅಂತ ಸಹಿ ಪಕ್ಕದಲ್ಲೇ ಬರೆದಿರುತ್ತೆ. ಆ ರಿಪೋರ್ಟನ್ನ ಇಂಟರ್ನೆಟ್ಟಲ್ಲಿ ಯಾರು ಬೇಕಾದ್ರೂ ನೋಡಬಹುದು.

ನನ್ನನ್ನ ಯಾರೂ ಕೇಳದ ಪ್ರಶ್ನೆ ಇಲ್ಲಿದೆ. ಸರ್ಕಾರನೇ ಸುಮ್ಮನೆ ಕೂತ್ರೆ ಯಾರು ಕೇಳ್ತಾರೆ? ಇದನ್ನ ಒಬ್ಬರಾದ್ರೂ ಕೇಳಿ ಅಂತ ಎಷ್ಟು ವರ್ಷದಿಂದ ಕಾಯ್ತಿದೀನಿ!

ಉತ್ತರ, ಯಾರು ಬೇಕಾದ್ರೂ. 1970ರ ಗಾಳಿ ಕಾನೂನಲ್ಲೂ 1972ರ ನೀರಿನ ಕಾನೂನಲ್ಲೂ ಒಂದು ಸೆಕ್ಷನ್ ಇದೆ, ಮಾಲಿನ್ಯದಿಂದ ತೊಂದರೆ ಆದ ಸಾಮಾನ್ಯ ಪ್ರಜೆ 60 ದಿನದ ನೋಟಿಸ್ ಕೊಟ್ಟು ನೇರ ಕೋರ್ಟಿಗೆ ಹೋಗಬಹುದು. ಗೆದ್ರೆ ದಂಡದ ದುಡ್ಡು ಸರ್ಕಾರಕ್ಕೆ ಹೋಗುತ್ತೆ, ಆದ್ರೆ ವಕೀಲರ ಫೀಸು ಎದುರಿನೋರು ಕಟ್ಟಬೇಕು ಅಂತ ಕೋರ್ಟ್ ಹೇಳಬಹುದು. ಸಾಕ್ಷಿ ಹುಡುಕೋಕೆ ಎಲ್ಲೂ ಹೋಗಬೇಕಾಗಿಲ್ಲ, ತಪ್ಪು ಮಾಡಿದೋನೇ ತನ್ನ ಕೈಯಾರೆ ಬರೆದ ರಿಪೋರ್ಟು ಅಲ್ಲೇ ಇದೆ. ನಮ್ಮಲ್ಲೂ 1986ರ ಪರಿಸರ ಸಂರಕ್ಷಣಾ ಕಾಯ್ದೆಯಲ್ಲಿ ಇದೇ 60 ದಿನದ ನೋಟಿಸ್ ಬರೆದಿದ್ರು, 1974ರ ನಮ್ಮ ಜಲ ಕಾಯ್ದೆ ಬೇಕು ಅಂತ ಮೊದಲೇ ಕೇಳಿದ ರಾಜ್ಯಗಳಲ್ಲಿ ಕರ್ನಾಟಕಾನೂ ಒಂದು. ನಮ್ಮ ರಕ್ತದಲ್ಲಿ ಇಲ್ಲ ಅನ್ನೋರಿಗೆ ಇದನ್ನೂ ಹೇಳಬೇಕು.

ಅಮೆರಿಕದ ಕಾನೂನಲ್ಲಿ ತೂತಿಲ್ಲ ಅಂತ ನಾನು ಹೇಳ್ತಿಲ್ಲ, ದೊಡ್ಡ ತೂತೇ ಇದೆ. ಪೈಪಿಂದ ಬಂದ್ರೆ ಮಾತ್ರ ಹಿಡಿಯೋ ಕಾನೂನಿದು, ಹೊಲದಿಂದ ಮಳೆ ನೀರಲ್ಲಿ ಕೊಚ್ಚಿ ಬರೋ ಗೊಬ್ಬರಕ್ಕೆ ಪರ್ಮಿಟ್ ಇಲ್ಲ. 2014ರ ಆಗಸ್ಟಲ್ಲಿ ಈರಿ ಸರೋವರದ ಪಶ್ಚಿಮ ಭಾಗದಲ್ಲಿ ಹಸಿರು ಪಾಚಿ ಬಂದು ಟೊಲೆಡೊ ಸುತ್ತಮುತ್ತ ಸುಮಾರು ನಾಲ್ಕು ಲಕ್ಷ ಜನಕ್ಕೆ ನಲ್ಲಿ ನೀರು ಕುಡಿಯಬೇಡಿ ಅಂದ್ರು. ಅಲ್ಲಿದ್ದ ನನ್ನ ಗೆಳತಿ ಕುದಿಸಿ ಕುಡಿತೀನಿ ಅಂದಳು, ನಾನು ಫೋನಲ್ಲೇ ಕೂಗಾಡಿದೆ, ಕುದಿಸಿದ್ರೆ ಆ ಪಾಚಿ ಬಿಡೋ ವಿಷ ಹೋಗಲ್ಲ, ನೀರು ಇಂಗಿ ವಿಷವೇ ಗಟ್ಟಿಯಾಗುತ್ತೆ. 2023ರಲ್ಲಿ ಸುಪ್ರೀಂ ಕೋರ್ಟು ಎಷ್ಟೋ ಜೌಗು ಭೂಮಿಯನ್ನ ಈ ಕಾನೂನಿಂದ ಆಚೆ ಹಾಕ್ತು. ಮಾಡಿದ ಕಾನೂನು ಹಾಗೇ ಉಳಿಯುತ್ತೆ ಅಂತ ಗ್ಯಾರಂಟಿ ಏನಿಲ್ಲ, ಇದು ನನಗೆ ದಿನಾ ಇರೋ ಭಯ.

ಕಯಹೋಗಾ ಈಗ ಹೇಗಿದೆ? ದಡದಲ್ಲಿ ರಾಷ್ಟ್ರೀಯ ಉದ್ಯಾನ ಇದೆ, ಬೋಳು ಹದ್ದು ಗೂಡು ಕಟ್ಟುತ್ತೆ, ಅಲ್ಲಿ ಹಿಡಿದ ಮೀನು ತಿನ್ನಬಹುದು ಅಂತ 2019ರಲ್ಲಿ ಹೇಳಿದ್ರು, ಬೆಂಕಿಗೆ 50 ವರ್ಷ ತುಂಬೋ ವರ್ಷದಲ್ಲೇ.

ನಮ್ಮ ಪ್ಲಾಂಟಿನ ಮಾತು ಒಂದು ಬಾಕಿ ಇದೆ. ಒಂದು ಫೆಬ್ರವರಿ, ಮಂಜು ಕರಗೋ ಹೊತ್ತಲ್ಲೇ ಮಳೆ ಬಂದು, ಬಿರುಕು ಬಿಟ್ಟ ಹಳೇ ಪೈಪುಗಳಲ್ಲಿ ನೀರು ನುಗ್ಗಿ, ಟ್ಯಾಂಕಲ್ಲಿ ತಳಕ್ಕೆ ಕೂತಿರಬೇಕಾದ ಕೆಸರು ಎದ್ದು ಹೊರಗೆ ಹೋಯ್ತು. ಕೆಸರಿನ ಕಣಗಳ ತಿಂಗಳ ಸರಾಸರಿ 34 ಬಂತು. ನಾನೇ ಫಿಲ್ಟರ್ ಒಣಗಿಸಿ ತೂಕ ಹಾಕಿದ್ದು, ನಂಬಿಕೆ ಬರದೆ ತಕ್ಕಡಿ ಇನ್ನೊಂದ್ಸಲ ಸರಿ ಮಾಡಿ ನೋಡಿದೆ, 34ನ್ನೇ ಬರೆದ್ವಿ. ಸ್ವಲ್ಪ ದಿನಕ್ಕೆ ಒಬ್ಬ ರಿಟೈರ್ಡ್ ಟೀಚರ್, ದಿನಾ ನದಿ ಪಕ್ಕ ನಾಯಿ ಕರ್ಕೊಂಡು ನಡೆಯೋರು, ಆ ರಿಪೋರ್ಟ್ ಪ್ರಿಂಟ್ ಮಾಡ್ಕೊಂಡು ಗೇಟಿಗೆ ಬಂದ್ರು. 34ರ ಸುತ್ತ ಪೆನ್ನಲ್ಲಿ ಗೆರೆ ಎಳೆದಿದ್ರು. ನಮ್ಮ ಬಾಸ್ ಅವರನ್ನ ಒಳಗೆ ಕರೆದು ಕಾಫಿ ಕೊಟ್ಟು, ಎಲ್ಲಿ ಕೆಸರು ಎದ್ದಿತ್ತು ಅಂತ ಟ್ಯಾಂಕಿನ ಹತ್ತಿರವೇ ಕರ್ಕೊಂಡು ಹೋಗಿ ತೋರಿಸಿದ್ರು. ಅವರು ಬೈಯಲಿಲ್ಲ. ಪೈಪು ಯಾವಾಗ ರಿಪೇರಿ ಮಾಡ್ತೀರಿ ಅಂತ ಕೇಳಿ, ಹೇಳಿದ ತಾರೀಖನ್ನ ಅದೇ ಹಾಳೆ ಮೇಲೆ ಬರ್ಕೊಂಡ್ರು.

ಮುಂದಿನ ತಿಂಗಳು ಮತ್ತೆ ಬಂದ್ರು. ಮಾರ್ಚಿಂದು 19 ಇತ್ತು. ಹಾಳೆ ಮಡಚಿ ಬ್ಯಾಗಿಗೆ ಹಾಕ್ಕೊಂಡು, ಏಪ್ರಿಲ್ ರಿಪೋರ್ಟ್ ಎಂದು ಹಾಕ್ತೀರಿ ಅಂತ ಕೇಳಿ ಹೋದ್ರು.