ಮಗುವಿನ ತಲೆಹೊಟ್ಟಿಗೆ ಯಾವ ಎಣ್ಣೆ ಒಳ್ಳೇದು?

"ಅಕ್ಕಾ, ಮಗಳ ತಲೆ ತುಂಬಾ ಹೊಟ್ಟು. ಕೆರೆದೂ ಕೆರೆದೂ ಗಾಯ ಮಾಡಿಕೊಂಡಿದ್ದಾಳೆ. ಯಾವ ಎಣ್ಣೆ ಹಚ್ಚಲಿ?"

ಮೆಡಿಕಲ್ ಶಾಪಿನ ಕೌಂಟರಿನಲ್ಲಿ ನಿಲ್ಲುವ ನನಗೆ ಚಳಿಗಾಲ ಶುರುವಾಯಿತೆಂದರೆ ಈ ಪ್ರಶ್ನೆ ತಪ್ಪಿದ್ದಲ್ಲ. ಕೆಲವರು ವಾಟ್ಸಾಪಿನಲ್ಲಿ ಫೋಟೋ ಕಳಿಸುತ್ತಾರೆ. ಅದರಲ್ಲಿ ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಕೊಬ್ಬರಿ ಎಣ್ಣೆನಾ, ಹರಳೆಣ್ಣೆನಾ, ಬೇವಿನ ಎಣ್ಣೆನಾ ಅಂತ ಕೇಳುವವರಿಗೆ ನಾನು ಹೇಳುವುದು ಇಷ್ಟೇ: ಎಣ್ಣೆ ವಿಚಾರ ಆಮೇಲೆ. ಮೊದಲು ಮಗುವಿನ ವಯಸ್ಸು ಹೇಳಿ, ಆಮೇಲೆ ಕೂದಲು ಬಿಡಿಸಿ ತಲೆಯ ಚರ್ಮ ನೋಡಿ.

ವಯಸ್ಸು ಯಾಕೆ ಅಂದರೆ, ನಮಗೆ ನಿಮಗೆ ಆಗುವ ಮಾಮೂಲಿ ಹೊಟ್ಟು ಶಾಲೆಗೆ ಹೋಗುವ ಚಿಕ್ಕ ಮಕ್ಕಳಿಗೆ ಆಗುವುದು ಕಡಿಮೆ. ಆ ಹೊಟ್ಟಿಗೂ ಮಲಸೀಝಿಯಾ ಅನ್ನೋ ಒಂದು ಫಂಗಸ್‌ಗೂ ನಂಟಿದೆ. ಅದು ಎಲ್ಲರ ತಲೆಯ ಮೇಲೂ ಇರುತ್ತದೆ, ಚರ್ಮದ ಜಿಡ್ಡು ತಿಂದುಕೊಂಡು ಬದುಕುತ್ತದೆ. ಹುಟ್ಟಿದ ಹೊಸತರಲ್ಲಿ ಕೂಸಿನ ತಲೆಯಲ್ಲಿ ಜಿಡ್ಡು ಜಾಸ್ತಿ. ಆಮೇಲೆ ಜಿಡ್ಡು ಸುರಿಸುವ ಗ್ರಂಥಿಗಳು ಸುಮ್ಮನಾಗಿಬಿಡುತ್ತವೆ, ಮತ್ತೆ ಕೆಲಸ ಶುರು ಮಾಡುವುದು ಮಕ್ಕಳು ದೊಡ್ಡವರಾಗುವ ಹೊತ್ತಿಗೆ. ಹಾಗಾಗಿ ಮೂರರಿಂದ ಹತ್ತು ವರ್ಷದ ಮಗುವಿನ ತಲೆಯಿಂದ ಪುಡಿ ಉದುರುತ್ತಿದ್ದರೆ, ಹೊಟ್ಟಿನ ಶಾಂಪೂ ಕೊಳ್ಳುವ ಮೊದಲು ಬೇರೆ ಏನಾದರೂ ಇದೆಯಾ ಅಂತ ಹುಡುಕಬೇಕು.

ಕೈಗೂಸಿನ ವಿಷಯ ಬೇಗ ಮುಗಿಸುತ್ತೇನೆ. ನೆತ್ತಿಯ ಮೇಲೆ ಹಳದಿ ಬಣ್ಣದ ಜಿಡ್ಡು ಪೊರೆ ಕಟ್ಟಿದ್ದರೆ, ಮಗು ಹಾಲು ಕುಡಿದು ನಿದ್ದೆ ಮಾಡಿಕೊಂಡು ಆರಾಮಾಗಿದ್ದರೆ, ಗಾಬರಿ ಬೇಡ. ಸ್ನಾನಕ್ಕೆ ಸ್ವಲ್ಪ ಮುಂಚೆ ಬೇಬಿ ಆಯಿಲ್ ಸವರಿ ಮೆತ್ತಗಾಗಲು ಬಿಡಿ, ಮೃದುವಾದ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ, ಬೇಬಿ ಶಾಂಪೂ ಹಾಕಿ ಎಣ್ಣೆಯನ್ನು ಪೂರ್ತಿ ತೆಗೆಯಿರಿ. ಉಗುರಿನಿಂದ ಕೀಳಬೇಡಿ. ಸಾಮಾನ್ಯವಾಗಿ ವರ್ಷ ತುಂಬುವುದರೊಳಗೆ ತಾನಾಗಿಯೇ ಹೋಗುತ್ತದೆ. ನೆತ್ತಿಗೆ ಎಣ್ಣೆ ಒತ್ತಿ ಹಾಗೇ ಬಿಡಬೇಕು ಅನ್ನುವ ಅಜ್ಜಿಯರ ಜೊತೆ ಜಗಳ ಕಷ್ಟ, ಆದರೆ ಹಾಗೆ ಬಿಟ್ಟ ಎಣ್ಣೆ ಆ ಫಂಗಸ್‌ಗೆ ಊಟ ಹಾಕಿದ ಹಾಗೆ.

ಇನ್ನು ಶಾಲೆಗೆ ಹೋಗುವ ಮಕ್ಕಳು. ಹಗಲು ಹೊತ್ತಿನಲ್ಲಿ ಕಿಟಕಿ ಹತ್ತಿರ ಕೂರಿಸಿ, ಬೈತಲೆ ತೆಗೆದ ಹಾಗೆ ಸಾಲು ಸಾಲಾಗಿ ಕೂದಲು ಬಿಡಿಸುತ್ತಾ ನೋಡಿ. ಟ್ಯೂಬ್‌ಲೈಟ್ ಬೆಳಕು ಸಾಲದು. ಮೊದಲು ಕಿವಿಯ ಹಿಂದೆ ಮತ್ತು ಕತ್ತಿನ ಮೇಲ್ಭಾಗ. ಬಿಳಿ ಪುಡಿ ಕಂಡರೆ ಎರಡು ಬೆರಳಲ್ಲಿ ಹಿಡಿದು ಕೂದಲಿನ ಉದ್ದಕ್ಕೂ ಜಾರಿಸಿ. ಹೊಟ್ಟಾದರೆ ಉದುರುತ್ತದೆ. ಸೀರಾದರೆ ಅಂಟು ಹಾಕಿದಂತೆ ಕೂತಿರುತ್ತದೆ, ಜಪ್ಪಯ್ಯ ಅಂದರೂ ಅಲುಗಾಡುವುದಿಲ್ಲ. ಹೊಟ್ಟು ಅಂತ ಬಂದವರಲ್ಲಿ ಎಷ್ಟೋ ಮಕ್ಕಳಿಗೆ ಇರುವುದು ಹೇನು. ಕೆರೆದ ಜಾಗಕ್ಕೆ ಉಗುರಿನ ಕೊಳೆ ಸೇರಿ ಕೀವು ಕಟ್ಟುತ್ತದೆ, ಅದಕ್ಕೇ ಉರಿ. ಹೇನಿಗೆ ಪರ್ಮೆಥ್ರಿನ್ ಒಂದು ಪರ್ಸೆಂಟ್ ಲೋಷನ್ ಹತ್ತು ನಿಮಿಷ ಹಚ್ಚಿ ತೊಳೆಯಬೇಕು. ಸೀರಿನಿಂದ ಮರಿ ಹೊರಬರಲು ವಾರಕ್ಕೂ ಮೇಲೆ ಬೇಕಾಗಬಹುದು, ಅದಕ್ಕೇ ಒಂಬತ್ತನೇ ದಿನದ ಸುಮಾರಿಗೆ ಇನ್ನೊಂದು ಸಲ. ಈ ಎರಡನೇ ಸಲವನ್ನು ಮರೆತವರೇ "ಲೋಷನ್ ಕೆಲಸ ಮಾಡಲಿಲ್ಲ" ಅಂತ ಬಾಟಲಿ ವಾಪಸ್ ತರುವುದು. ಗಾಯ, ಕೀವು ಇದ್ದರೆ ಮಾತ್ರ ಮೊದಲು ಡಾಕ್ಟರಿಗೆ ತೋರಿಸಿ, ಆಮೇಲೆ ಲೋಷನ್. ಮನೆಯಲ್ಲಿ ಎಲ್ಲರ ತಲೆಯನ್ನೂ ನೋಡಬೇಕು, ಅಮ್ಮನ ತಲೆಯನ್ನೂ.

ಹೇನಿಲ್ಲ, ಆದರೆ ಒಂದು ಕಡೆ ನಾಣ್ಯದಗಲ ಬೂದುಬಣ್ಣದ ಪುಡಿ ಇದೆ, ಅಲ್ಲಿ ಕೂದಲೂ ತೆಳ್ಳಗಾಗಿದೆ. ನಾನು ತುಂಬಾ ಹೊತ್ತು ಮಾತಾಡುವುದು ಇದರ ಬಗ್ಗೆಯೇ. ಹತ್ತಿರದಿಂದ ನೋಡಿದರೆ ಕೂದಲು ಬುಡದಲ್ಲೇ ಮುರಿದು ಸಣ್ಣ ಕಪ್ಪು ಚುಕ್ಕೆಗಳು ಮಾತ್ರ ಉಳಿದಿರುತ್ತವೆ. ಕತ್ತಿನ ಹಿಂದೆ ಕೈಯಾಡಿಸಿದರೆ ಚಿಕ್ಕ ಗಂಟು ಸಿಗಬಹುದು. ಇದು ತಲೆಗೆ ಆಗುವ ಹುಳುಕಡ್ಡಿ, ಕೆಲವರು ಗಜಕರ್ಣ ಅನ್ನುತ್ತಾರೆ. ಮೈಮೇಲಿನ ಹುಳುಕಡ್ಡಿಗೆ ಮುಲಾಮು ಸಾಕಾಗಬಹುದು, ತಲೆಯದ್ದಕ್ಕೆ ಸಾಕಾಗುವುದಿಲ್ಲ. ಯಾಕಂದರೆ ಇಲ್ಲಿ ಫಂಗಸ್ ಕೂದಲಿನ ಒಳಗೇ ಹೊಕ್ಕಿರುತ್ತದೆ, ಮೇಲೆ ಹಚ್ಚಿದ್ದು ಅಲ್ಲಿಗೆ ತಲುಪುವುದಿಲ್ಲ. ಹೊಟ್ಟೆಗೆ ಮಾತ್ರೆಯೇ ಬೇಕು. ಗ್ರಿಸಿಯೋಫುಲ್ವಿನ್ ಅಥವಾ ಟರ್ಬಿನಾಫಿನ್, ಯಾವುದು, ಎಷ್ಟು ಅನ್ನುವುದನ್ನು ಡಾಕ್ಟರು ಮಗುವಿನ ತೂಕ ನೋಡಿ ಬರೆಯುತ್ತಾರೆ. ಗ್ರಿಸಿಯೋಫುಲ್ವಿನ್ ಆದರೆ ಸಾಮಾನ್ಯವಾಗಿ ಆರರಿಂದ ಎಂಟು ವಾರ, ಕೆಲವೊಮ್ಮೆ ಇನ್ನೂ ಜಾಸ್ತಿ. ಅದನ್ನು ಹಾಲಿನ ಜೊತೆಗೋ ತುಪ್ಪ ಹಾಕಿದ ಊಟದ ಜೊತೆಗೋ ಕೊಟ್ಟರೆ ಮೈಗೆ ಚೆನ್ನಾಗಿ ಹತ್ತುತ್ತದೆ. ಎರಡು ವಾರಕ್ಕೆ ತುರಿಕೆ ನಿಂತು ಪುಡಿ ಕಡಿಮೆಯಾಯಿತು ಅಂತ ಮಾತ್ರೆ ನಿಲ್ಲಿಸುತ್ತಾರೆ ನೋಡಿ, ಅಲ್ಲೇ ಎಡವಟ್ಟು. ಕೀಟೊಕೊನಜೋಲ್ ಶಾಂಪೂವನ್ನೂ ಬರೆದುಕೊಡುತ್ತಾರೆ. ಅದು ಅಣ್ಣತಮ್ಮಂದಿರಿಗೆ ಹರಡದಂತೆ ತಡೆಯುವುದಕ್ಕೆ, ಅದೊಂದರಿಂದಲೇ ವಾಸಿಯಾಗುವುದಿಲ್ಲ. ಬಾಚಣಿಗೆ, ಟವೆಲ್, ಟೋಪಿ ಬೇರೆ ಬೇರೆ ಇಡಿ. ಮನೆಯಲ್ಲಿ ಬೆಕ್ಕೋ ನಾಯಿಮರಿಯೋ ಇದ್ದು ಅದರ ಕೂದಲೂ ಅಲ್ಲಲ್ಲಿ ಉದುರಿದ್ದರೆ ಪಶುವೈದ್ಯರಿಗೆ ತೋರಿಸಿ, ಅವುಗಳಿಂದಲೂ ಬರುತ್ತದೆ.

ಇದು ಜಾಸ್ತಿಯಾದರೆ ಆ ಜಾಗ ಮೆತ್ತಗೆ ಊದಿಕೊಂಡು, ಕೀವು ಸೋರಿ, ಮುಟ್ಟಿದರೆ ಮಗು ಕಿರುಚಿಕೊಳ್ಳುತ್ತದೆ. ಎಲ್ಲರೂ ಕುರು ಅಂದುಕೊಳ್ಳುತ್ತಾರೆ, ಹಿಸುಕುತ್ತಾರೆ. ಹಿಸುಕಬೇಡಿ. ತಡಮಾಡಿದರೆ ಅಲ್ಲಿ ಕಲೆ ಉಳಿದು ಕೂದಲು ಮತ್ತೆ ಬಾರದೇ ಹೋಗಬಹುದು. ಅದೇ ದಿನ ಚರ್ಮದ ಡಾಕ್ಟರ ಹತ್ತಿರ ಹೋಗಿ.

ಮತ್ತೆ ಆ ಟ್ಯೂಬ್. ಪಕ್ಕದ ಮನೆಯವರು ಹೇಳಿದ್ದು, ಸ್ಟೀರಾಯ್ಡ್, ಫಂಗಸ್ ಔಷಧಿ, ಆಂಟಿಬಯೋಟಿಕ್ ಮೂರನ್ನೂ ಕಲಸಿದ ಮುಲಾಮು. ಹಚ್ಚಿದ ಮಾರನೇ ದಿನವೇ ತುರಿಕೆ ಕಡಿಮೆ, ಕೆಂಪು ಕಡಿಮೆ, ಎಲ್ಲರಿಗೂ ಖುಷಿ. ಒಳಗೆ ಫಂಗಸ್ ಆರಾಮಾಗಿ ಹಬ್ಬುತ್ತಿರುತ್ತದೆ. 2018ರಲ್ಲಿ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ನಿಯಮ ಮಾಡಿತು. ಕೊಡುವುದಿಲ್ಲ ಅಂದರೆ ಜನ ನನ್ನ ಮೇಲೆಯೇ ರೇಗುತ್ತಾರೆ, ಎದುರಿನ ಅಂಗಡಿಯಲ್ಲಿ ಕೊಡ್ತಾರೆ ಬಿಡಿ ಅನ್ನುತ್ತಾರೆ. ಅನ್ನಲಿ.

ಹೇನೂ ಇಲ್ಲ, ಹುಳುಕಡ್ಡಿಯೂ ಇಲ್ಲ, ಇಡೀ ತಲೆ ಒಣಗಿ ಸಣ್ಣ ಪುಡಿ ಉದುರುತ್ತಿದೆ, ಮೊಣಕೈ ಮಡಚುವಲ್ಲಿ, ಮಂಡಿ ಹಿಂದೆಯೂ ತುರಿಕೆ ಇದೆ. ಅಂಥ ಮಗುವಿಗೆ ಇರುವುದು ಬಹುಶಃ ಒಣ ಚರ್ಮದ ಎಕ್ಸಿಮಾ. ಮನೆಯಲ್ಲಿ ಯಾರಿಗಾದರೂ ಆಸ್ತಮಾನೋ ಅಲರ್ಜಿಯೋ ಇದ್ದರೆ ಅನುಮಾನ ಇನ್ನೂ ಜಾಸ್ತಿ. ಇಲ್ಲಿ ತೊಂದರೆ ಮಾಡುವುದು ಸುಡುವ ನೀರು, ದಿನಾ ಶಾಂಪೂ, ಘಮಘಮ ಸೋಪು. ಹಂಡೆಯ ಬಿಸಿನೀರನ್ನು ಸರಸರ ಸುರಿಯುವ ನಮ್ಮ ಅಭ್ಯಾಸ ಇಂಥ ಮಕ್ಕಳಿಗೆ ಹಿಡಿಸುವುದಿಲ್ಲ. ಉಗುರು ಬೆಚ್ಚಗಿನ ನೀರು, ವಾಸನೆ ಇಲ್ಲದ ಮೆದು ಶಾಂಪೂ ವಾರಕ್ಕೆ ಒಂದೆರಡು ಸಲ, ಚೆನ್ನಾಗಿ ತೊಳೆಯುವುದು. ಸೀಗೇಪುಡಿ ಹಾಕಿ ಗಸಗಸ ತಿಕ್ಕುವುದು ಗಾಯ ಮಾಯುವ ತನಕ ಬೇಡ. ಎಣ್ಣೆ ಕೇಳಿದಿರಲ್ಲ, ಕೊಬ್ಬರಿ ಎಣ್ಣೆ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ, ತೆಳ್ಳಗೆ, ಗಾಯ ಇಲ್ಲದ ಜಾಗಕ್ಕೆ. ಆದರೂ ಕಡಿಮೆಯಾಗದಿದ್ದರೆ ಡಾಕ್ಟರು ಕೆಲವು ದಿನಕ್ಕೆ ಸ್ಟೀರಾಯ್ಡ್ ಲೋಷನ್ ಕೊಡಬಹುದು. ಅದಕ್ಕೆ ಹೆದರಬೇಡಿ. ಅವರು ಚರ್ಮ ನೋಡಿ ಲೆಕ್ಕ ಹಾಕಿ ಕೊಟ್ಟಿರುತ್ತಾರೆ, ಪಕ್ಕದ ಮನೆಯ ಟ್ಯೂಬಿನಂತಲ್ಲ. ಬೆಳ್ಳಿಬಣ್ಣದ ದಪ್ಪ ಹೊಪ್ಪಳೆ, ಹಣೆಯ ಅಂಚಿನ ತನಕ ಬಂದಿದ್ದು, ಉಗುರಿನಲ್ಲೂ ಸಣ್ಣ ಗುಳಿ ಬಿದ್ದಿದ್ದರೆ ಸೋರಿಯಾಸಿಸ್ ಇರಬಹುದು. ಅದನ್ನು ಮನೆಯಲ್ಲಿ ನಿಭಾಯಿಸಲು ಹೋಗಬೇಡಿ.

ನಿಂಬೆಹಣ್ಣು, ಈರುಳ್ಳಿ ರಸ, ಹುಳಿ ಮೊಸರು ಇವೆಲ್ಲ ಒಡೆದ ಚರ್ಮಕ್ಕೆ ಬರೀ ಉರಿ. ಎಣ್ಣೆಗೆ ಕರ್ಪೂರ ಹಾಕಿ ಕಾಯಿಸಿ ಹಚ್ಚುವವರಿಗೆ ಮಾತ್ರ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ: ಚಿಕ್ಕ ಮಕ್ಕಳ ಬಾಯಿಗೆ ಸ್ವಲ್ಪ ಕರ್ಪೂರ ಹೋದರೂ ಫಿಟ್ಸ್ ಬರಬಹುದು, ಗಾಯದ ಚರ್ಮದ ಮೂಲಕವೂ ಅದು ಮೈಗೆ ಸೇರುತ್ತದೆ. ಹೇನಿಗೆ ಸೀಮೆಎಣ್ಣೆ ಹಚ್ಚುವವರು ಈಗಲೂ ಇದ್ದಾರೆ, ದಯವಿಟ್ಟು ಬೇಡ.

ಕೊನೆಗೆ ಎಲ್ಲರೂ ಕೇಳುವುದು, ತಲೆ ಬೋಳಿಸಿಬಿಡಲಾ ಅಂತ. ಅಗತ್ಯವಿಲ್ಲ. ಹುಳುಕಡ್ಡಿಗೆ ಮಾತ್ರೆ ಶುರುವಾದ ಮೇಲೆ ಮಗು ಶಾಲೆಗೂ ಹೋಗಬಹುದು. ಮುಡಿ ಕೊಡುವ ಹರಕೆ ಇದ್ದರೆ ತಲೆ ಪೂರ್ತಿ ವಾಸಿಯಾದ ಮೇಲೆ ಹೋಗಿ, ಕೀವಿನ ಮೇಲೆ ಕತ್ತಿ ಆಡಿಸಿದರೆ ಗಾಯ ಇನ್ನಷ್ಟು ಹರಡುತ್ತದೆ. ಬ್ಲೇಡು ಹೊಸದಾ ಅಂತ ಅಲ್ಲೂ ಒಮ್ಮೆ ಕೇಳಿಕೊಳ್ಳಿ.