ಬೀಡಿ-ಸಿಗರೇಟ್ ಡಬ್ಬಿ, ಭಾಗ 4: ಕಡ್ಲೆ ಗಸಿ ಕೈ ಕೊಟ್ಟಿದ್ದು

ಮಾವನ ಬೀಡಿ-ಸಿಗರೇಟ್ ಬಿಡಿಸೋಕೆ ನಾನು ಕಟ್ತಿರೋ ಡಬ್ಬಿ ಕಥೆ ಇದು, ಉಸಿರು ಊದಿ ಸೇದಿಲ್ಲ ಅಂತ ತೋರಿಸಿದ್ರೆ ಬಹುಮಾನದ ಚೀಟಿ. ಮೊದ್ಲೇ ಹೇಳ್ಬಿಡ್ತೀನಿ, ಡಬ್ಬಿ ಕೆಲಸ ಮಾಡ್ತಿದೆ, ಉಸಿರು ನೋಡೋ ಸೆನ್ಸರ್ ಮಾತ್ರ ಕೆಲಸ ಮಾಡ್ತಿಲ್ಲ. ಮುಚ್ಚಳ ತೆರೆಯೋ ಸರ್ವೋ ಮೋಟರು, ಡಿಸ್‌ಪ್ಲೇ, ಕೇಸು ಎಲ್ಲ ಹೋದ್ಸಲವೇ ಮುಗಿದಿತ್ತು, ಅದನ್ನ ಬಿಡಿ. ಈ ಮೂರು ವಾರ ಪೂರ್ತಿ ಒಂದೇ ಜಗಳ. ಮಾವ ಸೇದಿಲ್ಲ ಅಂತಾರೆ, ಮಿಷನ್ ಸೇದಿದ್ದಾರೆ ಅನ್ನುತ್ತೆ.

ಹೊಸದಾಗಿ ಓದೋರಿಗೆ ಎರಡು ಮಾತು. ಕನೆಕ್ಟಿಕಟ್ ವಿಶ್ವವಿದ್ಯಾಲಯದಲ್ಲಿ ನ್ಯಾನ್ಸಿ ಪೆಟ್ರಿ ಅಂತ ಇದ್ರು, ಚಟ ಬಿಡಿಸೋಕೆ ಚೀಟಿ ಎತ್ತೋ ಆಟ ತಂದವರು. ಪರೀಕ್ಷೆಯಲ್ಲಿ ಪಾಸಾದ ರೋಗಿ ಬೋಗುಣಿಗೆ ಕೈ ಹಾಕಿ ಚೀಟಿ ಎತ್ತಬೇಕು. ಒಟ್ಟು 500 ಚೀಟಿ, 250ರಲ್ಲಿ ಬರೀ ಶಭಾಷ್, 209ರಲ್ಲಿ ಒಂದು ಡಾಲರಿನ ಚಿಕ್ಕ ಬಹುಮಾನ, 40ರಲ್ಲಿ 20 ಡಾಲರಿಂದು, ಒಂದೇ ಒಂದು ಚೀಟೀಲಿ 100 ಡಾಲರಿಂದು. ನಾನು ಅದನ್ನ ನೂರಕ್ಕೆ ಇಳಿಸಿದೆ: 50 ಶಭಾಷ್, 42 ಇಪ್ಪತ್ತು ರೂಪಾಯಿ, 7 ಮುನ್ನೂರು ರೂಪಾಯಿ, ಆ ಒಂದು ಚೀಟಿ ಮಾತ್ರ ಮತ್ಸ್ಯಗಂಧ ರೈಲಲ್ಲಿ ಉಡುಪಿಗೆ ಎಸಿ ಟಿಕೆಟ್. ಮೊದ್ಲು ಸ್ಕ್ರೀನ್ ಮೇಲೇ ಚೀಟಿ ತೋರಿಸ್ತಿದ್ದೆ, ಮಾವ ಒಪ್ಲಿಲ್ಲ. ಮುಂಬೈನ ಮಾಟುಂಗದಲ್ಲಿ ಮೂವತ್ತು ವರ್ಷ ಹೋಟ್ಲು ಗಲ್ಲಾದಲ್ಲಿ ಕೂತವರು, "ಬರ್ದವ ನೀನು, ಸೋಲುವವ ನಾನು, ಎಂತ ಆಟ ಮಾರಾಯ ಇದು" ಅಂದ್ರು. ಹಾಗಾಗಿ ಈಗ ಸ್ಟೀಲ್ ಡಬ್ಬಿ, ನಿಜವಾದ ಕಾಗದದ ಚೀಟಿ, ಉಸಿರು ಪಾಸಾದ್ರೆ ಮಾತ್ರ ಮುಚ್ಚಳ ತೆರೆಯುತ್ತೆ.

ಉಸಿರಲ್ಲಿ ನೋಡೋದು ಕಾರ್ಬನ್ ಮೋನಾಕ್ಸೈಡ್, ಅಂದ್ರೆ ಸಿಒ, ಹೊಗೆ ಜೊತೆ ಒಳಗೆ ಹೋಗೋ ಅನಿಲ. ಕೋಟಿನಿನ್ (ನಿಕೋಟಿನ್ ದೇಹದಲ್ಲಿ ಒಡೆದು ಆಗೋದು) ಯಾಕಲ್ಲ ಅಂತ ಹೋದ್ಸಲ ಒಬ್ರು ಕೇಳಿದ್ರು. ಡಾಕ್ಟ್ರು ಬರ್ಕೊಟ್ಟ ನಿಕೋಟಿನ್ ಗಮ್ ಮಾವ ಅಗೀತಿದ್ದಾರೆ, ಕೋಟಿನಿನ್ ನೋಡಿದ್ರೆ ಗಮ್ ತಿಂದಿದ್ದಕ್ಕೂ ಫೇಲೇ. ಗಮ್ಮಿಂದ ಹೊಗೆ ಬರಲ್ಲ, ಸಿಒ ಏರಲ್ಲ.

ಸಿಒ ನೋಡೋಕೆ ಹಾಕಿರೋ ಸೆನ್ಸರ್ ಎಂಕ್ಯೂ-7, ಅದರ ಬಗ್ಗೆ ಬಯ್ಯೋರು ಬಯ್ರಿ, ನಾನೂ ಬಯ್ತೀನಿ. ಡೇಟಾಶೀಟಲ್ಲಿ ಅದರ ಅಳತೆ ಶುರುವಾಗೋದೇ 20 ಪಿಪಿಎಂನಿಂದ (ಹತ್ತು ಲಕ್ಷದಲ್ಲಿ 20 ಪಾಲು), ಸೇದೋರು-ಸೇದದೋರ ಗೆರೆ ಇರೋದು 6ರಿಂದ 10ರ ಹತ್ರ. ಗೊತ್ತಿದ್ದೂ ತಂದೆ, ಅಗ್ಗ ಇತ್ತು. ಲ್ಯಾಮಿಂಗ್ಟನ್ ರೋಡಿನ ಒಂದು ಅಂಗಡಿಯವನು ಹೊಸದು ಅಂತ ಕೊಟ್ಟ ಪೀಸಿನ ಪಿನ್ನಿಗೆ ಹಳೇ ಸೋಲ್ಡರ್ ಅಂಟಿತ್ತು, ತೋರಿಸಿದ್ರೆ "ಚಾಲೇಲ್" (ನಡೆಯುತ್ತೆ) ಅಂದ. ಸೆನ್ಸರ್ ಕೂತಿರೋ ಮಾಡ್ಯೂಲಂತೂ ಅದರೊಳಗಿನ ಹೀಟರಿಗೆ ಸದಾ 5 ವೋಲ್ಟ್ ಕೊಡುತ್ತೆ, ಬೇಕಿರೋದು 60 ಸೆಕೆಂಡ್ 5 ವೋಲ್ಟ್, ಆಮೇಲೆ 90 ಸೆಕೆಂಡ್ 1.4 ವೋಲ್ಟ್, ಬೋರ್ಡಿನ ಟ್ರ್ಯಾಕ್ ಕತ್ತರಿಸಿ ಸ್ವಿಚ್ಚಿನ ಥರ ಮಾಸ್ಫೆಟ್ ಹಾಕಿದೆ. ಪಿಪಿಎಂ ಆಸೆ ಬಿಟ್ಟು ಬರೀ ಸೆನ್ಸರಿನ ರೆಸಿಸ್ಟೆನ್ಸ್ ಅನುಪಾತ ನೋಡ್ಕೊಂಡು, 15 ಸೆಕೆಂಡ್ ಉಸಿರು ಹಿಡಿದು ನಿಧಾನಕ್ಕೆ ಊದಿಸಿ, ನನ್ನ ಉಸಿರಿಗೂ ಮಾವನ ಹಳೇ ಉಸಿರಿಗೂ ಒಳ್ಳೇ ಅಂತರ ಬಂತು, ಖುಷಿಯಾಗ್ಬಿಟ್ಟೆ.

ಒಂಬತ್ತು ದಿನ ಪಾಸು. ಹತ್ತನೇ ದಿನ ರಾತ್ರಿ ಕೆಂಪು ಲೈಟು. "ಸೇದ್ಲಿಲ್ಲ ಮಾರಾಯ" ಅಂದ್ರು. ಎಲ್ಲರೂ ಹಾಗೇ ಹೇಳೋದು ಅಂತ ನಾನು ನಕ್ಕೆ. ಇಲ್ಲೇ ಎಡವಿದ್ದು. ಯಾಕಂದ್ರೆ ನನ್ನ ಕೋಡಲ್ಲಿ ಇನ್ನೊಬ್ಬರ ಐಡಿಯಾನೂ ಸೇರ್ಕೊಂಡಿತ್ತು. ವರ್ಮಾಂಟ್ ವಿಶ್ವವಿದ್ಯಾಲಯದ ಸ್ಟೀಫನ್ ಹಿಗ್ಗಿನ್ಸ್ 1990ರ ದಶಕದ ಶುರುವಲ್ಲಿ ಕೊಕೇನ್ ರೋಗಿಗಳಿಗೆ ವೋಚರ್ ಕೊಡ್ತಿದ್ರು, ಮೊದಲ ಶುದ್ಧ ಮೂತ್ರಕ್ಕೆ 2.50 ಡಾಲರ್, ಮುಂದಿಂದಕ್ಕೆ ಪ್ರತಿ ಸಲ 1.25 ಜಾಸ್ತಿ, ಫೇಲಾದ್ರೆ ಮತ್ತೆ 2.50ಕ್ಕೆ. ಅದೇ ಥರ ನಾನು ದಿನಕ್ಕೊಂದು ಚೀಟಿ ಏರಿಸ್ತಿದ್ದೆ. ಹತ್ತು ಚೀಟಿ ಎತ್ತೋಕೆ ಕೈ ತೊಳ್ಕೊಂಡು ಬಂದ ಮನುಷ್ಯನಿಗೆ ಮಿಷನ್ ಸೊನ್ನೆ ತೋರಿಸ್ತು. ಮಾವ ಏನೂ ಮಾತಾಡದೆ ಚಪ್ಪಲಿ ಮೆಟ್ಟಿ ಕೆಳಗೆ ಹೋಗಿ ನಿಜವಾಗ್ಲೂ ಒಂದು ಸೇದಿ ಬಂದ್ರು. "ಈಗ ಬರ್ಕೋ" ಅಂದ್ರು.

ಮಾರನೇ ದಿನ ನಾನೇ ಊದಿದೆ. ಜನ್ಮದಲ್ಲಿ ಸೇದಿದವನಲ್ಲ, ನಂಗೂ ಕೆಂಪು!

ಅತ್ತೆ ಹಚ್ಚಿದ ಊದುಬತ್ತಿ ಅಂದ್ಕೊಂಡೆ, ಡೊಂಬಿವ್ಲಿಯ ಒಂದು ರೂಮು-ಹಾಲಿನ ಮನೇಲಿ ಅದೂ ಬೇಸ್‌ಲೈನ್ ಎತ್ತುತ್ತೆ ನಿಜ, ಆದ್ರೆ ಬಾಲ್ಕನೀಲಿ ಊದಿದ್ರೂ ಅದೇ ಕಥೆ. ಸ್ಯಾನಿಟೈಸರ್ ಮುಚ್ಚಿಟ್ಟೆ, ತೇವಕ್ಕೆ ಸಿಲಿಕಾ ಜೆಲ್ ಹಾಕಿದೆ, ಪವರ್ ಸಪ್ಲೈ ಬದಲಾಯಿಸಿದೆ. ನಾಲ್ಕು ದಿನ ಹೀಗೇ. ಆಮೇಲೆ ಲಾಗ್ ಪಕ್ಕದಲ್ಲಿ ಊಟದ ಕಾಲಂ ಒಂದು ಸೇರಿಸಿದೆ ನೋಡಿ, ಬೆಳಕಾಯ್ತು. ಎರಡೂ ಕೆಂಪಿನ ದಿನ ಮಧ್ಯಾಹ್ನ ಕಡ್ಲೆ ಗಸಿ. ಕಾಳಲ್ಲಿ ನಮಗೆ ಜೀರ್ಣ ಆಗದ ಸಕ್ಕರೆ ದೊಡ್ಡ ಕರುಳಿಗೆ ಹೋಗಿ ಅಲ್ಲಿಯ ಬ್ಯಾಕ್ಟೀರಿಯಾ ಅದನ್ನ ಹುಳಿಸುತ್ತೆ, ಹೈಡ್ರೋಜನ್ ಹುಟ್ಟಿ ರಕ್ತಕ್ಕೆ ಸೇರಿ ಉಸಿರಲ್ಲಿ ಬರುತ್ತೆ. ಹಾಲು ಒಗ್ಗದವರನ್ನ ಆಸ್ಪತ್ರೇಲಿ ಪತ್ತೆ ಮಾಡೋದೂ ಇದೇ ಹೈಡ್ರೋಜನ್ ಅಳೆದು. ಎಂಕ್ಯೂ-7ಗೆ ಹೈಡ್ರೋಜನ್ನೂ ಸಿಒನೂ ಒಂದೇ. ಮಾವ ಸತ್ಯವಂತರು, ಸುಳ್ಳು ಹೇಳಿದ್ದು ಹೊಟ್ಟೆ.

ಕಾರ್ಬನ್ ಫಿಲ್ಟರ್ ಇಟ್ರೆ ಹೈಡ್ರೋಜನ್ ನಿಲ್ಲಲ್ಲ. ಹೈಡ್ರೋಜನ್ ನೋಡೋ ಸೆನ್ಸರ್ ಎಂಕ್ಯೂ-8 ಪಕ್ಕಕ್ಕೆ ಹಾಕಿ ಅದರ ಲೆಕ್ಕ ಕಳೆಯೋಣ ಅಂದ್ರೆ ಅದಕ್ಕೆ 100 ಪಿಪಿಎಂಗಿಂತ ಕೆಳಗೆ ಕಣ್ಣೇ ಕಾಣಲ್ಲ. ಬೆಳಿಗ್ಗೆ ಖಾಲಿ ಹೊಟ್ಟೇಲಿ ಊದಿಸಿದ್ರೆ ಹೈಡ್ರೋಜನ್ ಕಮ್ಮಿ, ಆದ್ರೆ ಸಿಒ ಅರ್ಧಾಯುಷ್ಯ (ದೇಹದಲ್ಲಿ ಅರ್ಧಕ್ಕೆ ಇಳಿಯೋ ಹೊತ್ತು) ಹೆಚ್ಚೂಕಮ್ಮಿ ಐದು ಗಂಟೆ, ಹಿಂದಿನ ದಿನ ಸಂಜೆ ಕದ್ದು ಸೇದಿದ್ದೂ ಅಷ್ಟರಲ್ಲಿ ತೊಳೆದು ಹೋಗಿರುತ್ತೆ. ಉಳಿದ ದಾರಿ ಹೈಡ್ರೋಜನ್ನಿಗೆ ಬೇರೆ ಎಲೆಕ್ಟ್ರೋಡ್ ಇರೋ ನಾಲ್ಕು ಎಲೆಕ್ಟ್ರೋಡಿನ ಎಲೆಕ್ಟ್ರೋಕೆಮಿಕಲ್ ಸೆಲ್. ಆರ್ಡರ್ ಹಾಕಿದೀನಿ, ಆನ್‌ಲೈನ್ ಮಾರೋನು ಎರಡು ಸಲ "ಡಿಸ್ಪ್ಯಾಚ್ ಆಗಿದೆ" ಅಂದ, ಟ್ರ್ಯಾಕಿಂಗ್ ನಂಬರ್ ಮಾತ್ರ ಹುಟ್ಟಿಲ್ಲ.

ಕಾಯ್ತಾ ಕೂತಾಗ ತಲೇಲಿ ಮುಂದಿನ ಪ್ರಾಜೆಕ್ಟ್ ಓಡ್ತಿದೆ. ನರವಿಜ್ಞಾನಿ ವೋಲ್ಫ್ರಾಮ್ ಶುಲ್ಟ್ಜ್ ಕೋತಿಗಳಿಗೆ ಹಣ್ಣಿನ ರಸ ಕೊಟ್ಟು ಮಿದುಳಿನ ಡೋಪಮಿನ್ ಕೋಶ ಗಮನಿಸಿದ್ರು, ಅದನ್ನ ಒಂದು ಎಲ್‌ಇಡಿ ಪಟ್ಟಿ ಮೇಲೆ ಮಾಡ್ಬೇಕು. ಮೊದಮೊದಲು ರಸ ಬಂದಾಗ ಪಟ್ಟಿ ಝಗ್ ಅನ್ನುತ್ತೆ, ಕಲಿತ ಮೇಲೆ ಮುನ್ಸೂಚನೆಯ ಬೆಳಕು ಬಂದಾಗಲೇ ಝಗ್, ರಸಕ್ಕೆ ಸುಮ್ನೆ, ಬರ್ಬೇಕಾದ ರಸ ಬರದಿದ್ರೆ ಮಾಮೂಲಿಗಿಂತ ಮಂಕು. ಆ ಹತ್ತನೇ ರಾತ್ರಿ ಮಾವನ ಮುಖ ಇತ್ತಲ್ಲ, ಅಷ್ಟು ಮಂಕು. ಡಬ್ಲ್ಯೂಎಸ್2812 ಎಲ್‌ಇಡಿ ಪಟ್ಟಿ ಒಂದು ಮೀಟರ್ ಮನೇಲೇ ಇದೆ, ಸರಿ, ಆಮೇಲೆ.

ಸದ್ಯಕ್ಕೆ ಕೋಡಲ್ಲಿ ಮೂರು ಮನೆ ಮಾಡಿದೆ. ಹಸಿರಿಗೆ ಚೀಟಿ. ತುಂಬಾ ಮೇಲೆ ಹೋದ್ರೆ ಸೊನ್ನೆ. ನಡುವೆ ಹಳದಿ, ಸರಣಿ ಒಡೆಯಲ್ಲ, ಅವತ್ತಿನ ಚೀಟಿ ಮಾರನೇ ದಿನಕ್ಕೆ ನಿಲ್ಲುತ್ತೆ. ಇದನ್ನ ಮೊದಲ ದಿನವೇ ಬರೀಬೇಕಿತ್ತು, ಮೂರು ಸಾಲಿನ ಕೆಲಸ. ಮಾವನ ಹತ್ರ ಕ್ಷಮೆ ಕೇಳಿ ಒಂಬತ್ತರಿಂದಲೇ ಮುಂದುವರಿಸಿದೀನಿ, ಹೋದ ವಾರ ಎರಡು ಹಳದಿ ಬಂತು, ಎರಡಕ್ಕೂ ಕಾಳೇ ಕಾರಣ. ಅತ್ತೆ ಗಸಿ ಬಿಡ್ತೀನಿ ಅಂದ್ರು, ಮಾವ ಅದೊಂದು ಮಾತ್ರ ಬಿಡಲ್ಲ ಅಂದ್ರು.

ನಿನ್ನೆ ರಾತ್ರಿ ಸಾಲಾಗಿ ಆರು ಶಭಾಷ್ ಬಂತು ಅಂತ ಮಾವ ಡಬ್ಬಿ ಸುರುವಿ ಗಲ್ಲಾ ಲೆಕ್ಕ ಮಾಡೋ ಥರ ಕಟ್ಟು ಕಟ್ಟಿ ಎಣಿಸಿದ್ರು. ರೈಲಿನ ಚೀಟಿ ಇದೆ. ಒಂದು ಶಭಾಷ್ ಕಮ್ಮಿ. ಬರ್ದು ಹಾಕ್ಬೇಕು.