ಲಾಗ್ ಬರ್ತಾ ಉಂಟು, ಬೇಕಾದ ಲಾಗ್ ಬರ್ತಾ ಉಂಟಾ?

ಸ್ವಿಚ್, ರೂಟರ್, ಫೈರ್‌ವಾಲ್‌ಗಳು ಏನೇನಾಯಿತೆಂದು ಬರೆಯುವ ಸಾಲುಗಳೇ ಲಾಗ್, ಅವನ್ನು ಕಳಿಸುವ ರೂಪ ಸಿಸ್‌ಲಾಗ್. ಅದನ್ನು ಸೆಕ್ಯುರಿಟಿ ಪ್ಲಾಟ್‌ಫಾರ್ಮ್‌ಗೆ, ಅಂದರೆ ಎಲ್ಲ ಲಾಗ್ ಒಂದೆಡೆ ಸೇರಿಸಿ ನೋಡುವ, ನಾವು ಸೀಮ್ (SIEM) ಅನ್ನುವುದಕ್ಕೆ, ಕಳಿಸುವುದು ಎರಡು ಸಾಲಿನ ಕೆಲಸ. ಸರ್ವರ್‌ನ ವಿಳಾಸ ಕೊಡಬೇಕು, ಯಾವ ಮಟ್ಟದ ಲಾಗ್ ಬೇಕೆಂದು ಹೇಳಬೇಕು. ಮಂಗಳೂರಿನಲ್ಲಿ ಹೆಡ್ ಆಫೀಸ್, ಕಾರ್ಕಳ, ಮೂಡುಬಿದಿರೆ, ಕುಂದಾಪುರ ಕಡೆ ಶಾಖೆಗಳಿರುವ ಒಂದು ಸಹಕಾರಿ ಸಂಘಕ್ಕೆ ನಾವು ಇದನ್ನು ಮಾಡಿಕೊಟ್ಟೆವು. ಸಂಜೆಯೊಳಗೆ ಡ್ಯಾಶ್‌ಬೋರ್ಡ್ ಪೂರ್ತಿ ಹಸಿರು. ಎಲ್ಲರಿಗೂ ಖುಷಿ. ನಿಜ ಹೇಳಬೇಕೆಂದರೆ ಕೆಲಸ ಶುರುವಾಗುವುದೇ ಅಲ್ಲಿಂದ.

ಮೊದಲು ಮಟ್ಟದ ವಿಷಯ. ಸಿಸ್‌ಲಾಗ್‌ನಲ್ಲಿ 0ಯಿಂದ 7ರವರೆಗೆ ಎಂಟು ಮಟ್ಟ, ಸಂಖ್ಯೆ ಸಣ್ಣದಾದಷ್ಟು ವಿಷಯ ಗಂಭೀರ. ಲಾಗ್ ಜಾಸ್ತಿಯಾದರೆ ಲೈಸೆನ್ಸ್ ಖರ್ಚು ಏರುತ್ತದೆ ಎಂದು ಹೆಚ್ಚಿನವರು ವಾರ್ನಿಂಗ್, ಅಂದರೆ 4ಕ್ಕೇ ನಿಲ್ಲಿಸುತ್ತಾರೆ. ಆಗ 0ಯಿಂದ 4ರವರೆಗಿನದು ಮಾತ್ರ ಬರುತ್ತದೆ. ಸಿಸ್ಕೋ ಸಾಧನಗಳಲ್ಲಿ ಇದು ಏನು ಮಾಡುತ್ತದೆ ನೋಡಿ. ತಪ್ಪು ಪಾಸ್‌ವರ್ಡ್ ಹಾಕಿದ ಲಾಗ್ 4ನೇ ಮಟ್ಟದ್ದು. ಲಾಗಿನ್ ಯಶಸ್ವಿಯಾದದ್ದು 5. ಕಾನ್ಫಿಗರೇಶನ್ ಬದಲಾಯಿಸಿದ್ದೂ 5. ಹಾಗಾಗಿ ಯಾರೋ ಬಾಗಿಲು ಬಡಿದದ್ದು ನಮಗೆ ಗೊತ್ತಾಗುತ್ತದೆ, ಒಳಗೆ ಬಂದದ್ದು ಗೊತ್ತಾಗುವುದಿಲ್ಲ! ಕನಿಷ್ಠ 5 ಇಡಿ, ಸಾಧ್ಯವಾದರೆ 6. ಡೀಬಗ್ ಅನ್ನುವ 7ನ್ನು ಮಾತ್ರ ಮುಟ್ಟಬೇಡಿ. ಇನ್ನೊಂದು, ಲಾಗಿನ್ ಆದದ್ದು, ಆಗದೇ ಹೋದದ್ದು ಲಾಗ್ ಆಗಬೇಕೆಂದರೆ ಅದನ್ನು ಬೇರೆಯಾಗಿಯೇ ಆನ್ ಮಾಡಬೇಕು. ಮಟ್ಟ ಏರಿಸಿದರೆ ಸಾಕು ಅಂದುಕೊಂಡವರು ತುಂಬ ಜನ.

ಸಮಯದ ಕಥೆ ಇನ್ನೂ ಚೆನ್ನಾಗಿದೆ. ಮಳೆಗಾಲಕ್ಕೆ ಮೊದಲು ನಮ್ಮ ಕಡೆ ಸಿಡಿಲು ಹೇಗೆಂದು ಹೇಳಬೇಕಾಗಿಲ್ಲ ಅಲ್ವಾ. ಒಂದು ಸಂಜೆ ಕಾರ್ಕಳ ಕಡೆಯ ಶಾಖೆಯ ಸ್ವಿಚ್ ರೀಸ್ಟಾರ್ಟ್ ಆಗಿತ್ತು. ಫೋನ್ ಮಾಡಿದರೆ ಅಲ್ಲಿನವರು, "ಎಂತದೂ ಆಗಿಲ್ಲ ಸರ್, ಕರೆಂಟ್ ಹೋಗಿ ಬಂತು ಅಷ್ಟೆ, ಯುಪಿಎಸ್ ಬ್ಯಾಟರಿ ಹೋಗಿ ಉಂಟು" ಅಂದರು. ಸೀಮ್‌ನಲ್ಲಿ ಆ ದಿನದ ಲಾಗ್ ಹುಡುಕಿದರೆ ಏನೂ ಇಲ್ಲ. ಸ್ವಿಚ್‌ನಲ್ಲೇ ನೋಡಿದಾಗ ಸಾಲಿನ ಮೊದಲಿಗೆ ಒಂದು ನಕ್ಷತ್ರ ಚಿಹ್ನೆ, ಪಕ್ಕದಲ್ಲಿ ಮಾರ್ಚ್ 1. ಬ್ಯಾಟರಿ ಇರುವ ಗಡಿಯಾರವಿಲ್ಲದ ಸಿಸ್ಕೋ ಸ್ವಿಚ್‌ಗಳು ಎದ್ದಾಗ 1993ರ ಮಾರ್ಚ್ 1ರಿಂದ ಎಣಿಸುತ್ತವೆ. ಸಮಯ ನಂಬುವಂತಿಲ್ಲ ಎಂದು ಹೇಳುವುದಕ್ಕೇ ಆ ನಕ್ಷತ್ರ. ಹಳೆಯ ಸಿಸ್‌ಲಾಗ್ ರೂಪದಲ್ಲಿ ಇಸವಿಯೇ ಇರುವುದಿಲ್ಲ, ಟೈಮ್ ಝೋನ್ ಕೂಡ ಇಲ್ಲ. ಇಸವಿಯನ್ನು ಪ್ಲಾಟ್‌ಫಾರ್ಮ್ ಊಹಿಸಿಕೊಂಡಿತ್ತು. ಮೇ ತಿಂಗಳ ಲಾಗ್ ಮಾರ್ಚ್‌ನಲ್ಲಿ ಹೋಗಿ ಕೂತಿತ್ತು.

ಆದ್ದರಿಂದ ಲಾಗಿಂಗ್‌ಗೆ ಮೊದಲು ಎನ್‌ಟಿಪಿ, ಅಂದರೆ ನೆಟ್‌ವರ್ಕ್ ಮೂಲಕ ಸಾಧನಗಳ ಗಡಿಯಾರ ಸರಿಪಡಿಸುವ ವ್ಯವಸ್ಥೆ. ಕೇಂದ್ರ ಸರಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನವೂ ಎನ್‌ಐಸಿ (ರಾಷ್ಟ್ರೀಯ ಮಾಹಿತಿ ಕೇಂದ್ರ) ಅಥವಾ ಎನ್‌ಪಿಎಲ್‌ನ (ರಾಷ್ಟ್ರೀಯ ಭೌತ ಪ್ರಯೋಗಾಲಯ) ಸಮಯಕ್ಕೆ ಹೊಂದಿಸಿಕೊಳ್ಳಲು ಹೇಳುತ್ತದೆ. ಲಾಗ್‌ಗಳನ್ನು 180 ದಿನ ಇಡಬೇಕೆಂದೂ ಅದರಲ್ಲೇ ಇದೆ. ಯುಟಿಸಿ ಅನ್ನುವ ಜಾಗತಿಕ ಸಮಯಕ್ಕೂ ನಮ್ಮ ಸಮಯಕ್ಕೂ ಇರುವ ಐದೂವರೆ ಗಂಟೆಯ ವ್ಯತ್ಯಾಸ ಲಾಗ್‌ಗಳಲ್ಲಿ ಬರದಂತೆ ಎಲ್ಲ ಸಾಧನಗಳಲ್ಲೂ ಒಂದೇ ಟೈಮ್ ಝೋನ್ ಇಡಿ.

ಮೂರನೆಯದು ವಿಳಾಸ. ಶಾಖೆಗೆ ಎರಡು ಲೈನ್ ಇದ್ದರೆ, ಲಾಗ್ ಯಾವ ಇಂಟರ್‌ಫೇಸ್‌ನಿಂದ ಹೊರಟಿತೋ ಅದರ ಐಪಿಯೇ ಅದಕ್ಕೆ ಅಂಟುತ್ತದೆ. ಫೈಬರ್ ಕಟ್ ಆಗಿ ಬ್ಯಾಕಪ್‌ಗೆ ಹೋದ ತಕ್ಷಣ ಸೀಮ್‌ಗೆ ಅದು ಗುರುತಿಲ್ಲದ ಹೊಸ ಸಾಧನ. ಯಾವ ಲೈನ್‌ಗೂ ಅಂಟದ, ಸಾಧನದ ಒಳಗಿನ ಲೂಪ್‌ಬ್ಯಾಕ್ ಅನ್ನೇ ಲಾಗ್ ಹೊರಡುವ ಸೋರ್ಸ್ ಇಂಟರ್‌ಫೇಸ್ ಮಾಡಿದರೆ ಈ ತಲೆನೋವಿಲ್ಲ.

ಇನ್ನು ಪರೀಕ್ಷೆ. ಹಸಿರು ಲೈಟ್ ನೋಡಿ ಸಹಿ ಹಾಕಬೇಡಿ. ಸಾಧನಕ್ಕೆ ಬೇಕೆಂದೇ ತಪ್ಪು ಪಾಸ್‌ವರ್ಡ್ ಹಾಕಿ. ಆಮೇಲೆ ಸರಿಯಾದದ್ದು ಹಾಕಿ ಒಳಗೆ ಹೋಗಿ, ಯಾವುದಾದರೂ ಪೋರ್ಟ್‌ನ ಡಿಸ್ಕ್ರಿಪ್ಷನ್ ಬದಲಾಯಿಸಿ. ಈ ಮೂರೂ ಸೀಮ್‌ನಲ್ಲಿ ಸರಿಯಾದ ಹೆಸರು, ಸರಿಯಾದ ಸಮಯದ ಜೊತೆ ಕಾಣಬೇಕು. ಕಾಣದಿದ್ದರೆ ಸರ್ವರ್‌ನಲ್ಲಿ ಟಿಸಿಪಿಡಂಪ್ (ಬರುವ ಪ್ಯಾಕೆಟ್‌ಗಳನ್ನು ತೋರಿಸುವ ಟೂಲ್) ಹಾಕಿ, ಸಿಸ್‌ಲಾಗ್‌ನ ಮಾಮೂಲಿ ದಾರಿಯಾದ ಯುಡಿಪಿ 514ಕ್ಕೆ ಪ್ಯಾಕೆಟ್ ಬರುತ್ತಿದೆಯಾ ನೋಡಿ. ಬರುತ್ತಿದ್ದರೆ ತೊಂದರೆ ಸೀಮ್ ಬದಿಯದ್ದು, ನೆಟ್‌ವರ್ಕ್‌ನವರನ್ನು ಸುಮ್ನೆ ಎಬ್ಬಿಸಬೇಡಿ.

ಯುಡಿಪಿಯಲ್ಲಿ ಲಾಗ್ ಕಳೆದುಹೋದರೆ ಕಳಿಸಿದವನಿಗೂ ಗೊತ್ತಾಗುವುದಿಲ್ಲ. ಅದಕ್ಕೇ ಲಾಗ್ ನಿಂತರೆ ಕೂಗುವ ಅಲರ್ಟ್ ಒಂದು ಇರಲಿ. ಫೈರ್‌ವಾಲ್‌ನಿಂದ ಹತ್ತು ನಿಮಿಷ ಲಾಗ್ ಬರದಿದ್ದರೆ ಸಾಕು, ಅದು ಕೂಗಲಿ. ಸಣ್ಣ ಶಾಖೆಯ ಸ್ವಿಚ್‌ಗೆ ಒಂದು ದಿನವಾದರೂ ಕೊಡಿ, ಇಲ್ಲದಿದ್ದರೆ ಪ್ರತಿ ಭಾನುವಾರ ನಿಮ್ಮ ಫೋನ್ ಹೊಡೆದುಕೊಳ್ಳುತ್ತಲೇ ಇರುತ್ತದೆ.